ಅರಕಲಗೂಡಿನ ಪರದೆ

ಅರಕಲಗೂಡಿನ ಕಿಟಕಿಯನ್ನು ಇವತ್ತು ತೆರೆಯುವುದಿಲ್ಲ ಎಂದುಕೊಂಡೇ ಕೇದಾರ್ ಬಂದು ಕುರ್ಚಿಯಲ್ಲಿ ಕೂತ. ಉಳಿದ ದಿನಗಳಲ್ಲಿ ಅವನ ಮೇಜಿನ ಪರದೆಯ ಮೇಲೆ ಮೂರು ಸಣ್ಣ ಕಿಟಕಿಗಳು ಸಾಲಾಗಿ ತೆರೆದಿರುತ್ತಿದ್ದವು: ಹೊಳೆನರಸೀಪುರ, ಚನ್ನರಾಯಪಟ್ಟಣ, ಅರಕಲಗೂಡು. ಆ ಊರುಗಳ ರಕ್ತಪರೀಕ್ಷೆ ಕೇಂದ್ರಗಳಲ್ಲಿ ಕೂತವರು ಯಾವ ಹೆಸರು ಬರೆಯುತ್ತಿದ್ದಾರೆ, ಯಾವ ಅಕ್ಷರ ತಪ್ಪಾಗಿ ಅಳಿಸುತ್ತಿದ್ದಾರೆ, ಯಾವಾಗ ಕೈ ಎತ್ತಿ ಸುಮ್ಮನಾಗುತ್ತಾರೆ ಎಂಬುದೆಲ್ಲ ಹಾಸನದ ಈ ತಣ್ಣನೆಯ ಕೋಣೆಯಲ್ಲಿ ಕೂತ ಅವನಿಗೆ ಕಾಣುತ್ತಿತ್ತು. ಇವತ್ತು ಎರಡೇ ಕಿಟಕಿ. ಮೂರನೆಯದು ಇರಬೇಕಿದ್ದ ಜಾಗದಲ್ಲಿ ಬರಿಯ ನೀಲಿ. ಹಲ್ಲು ಕಿತ್ತ ಜಾಗಕ್ಕೆ ನಾಲಿಗೆ ಹೋಗುವಂತೆ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಹೊರಗೆ ಏಪ್ರಿಲ್ ಬಿಸಿಲು. ಒಳಗೆ, ಸರ್ವರ್ ಬಿಸಿಯಾಗಬಾರದೆಂದು ಹಗಲಿರುಳು ಓಡುವ ಏಸಿಯ ಚಳಿಗೆ ಅವನು ಸ್ವೆಟರ್ ಹಾಕಿಕೊಂಡಿದ್ದ. ಯಂತ್ರಕ್ಕೆಂದು ಮಾಡಿದ ಚಳಿ ಅದು. ಅದರಲ್ಲಿ ಕೂತು ಕೂತು ಅವನ ಮೂಗು ಯಾವಾಗಲೂ ಸೋರುತ್ತಿತ್ತು, ಮನೆಗೆ ಹೋದರೆ ಹೆಂಡತಿ ಶ್ರೀಗೌರಿ, “ಬೇಸಿಗೆಯಲ್ಲೂ ನೆಗಡಿ ಹಿಡಿಸಿಕೊಳ್ಳೋ ಗಂಡಸು ನೀವೊಬ್ಬರೇ” ಎನ್ನುತ್ತಿದ್ದಳು.

“ಏನ್ ಗುರೂ, ಅರಕಲಗೂಡು ಚಾನೆಲ್ ಬಂದ್ ಮಾಡ್ಬಿಟ್ಟಿದ್ದೀರಿ?” ಎಂದ ವಿಶ್ವಾಸ್. ಅವನು ಕೇದಾರನ ಕೈಕೆಳಗಿನವನು, ಇನ್ನೂ ಮೀಸೆ ಸರಿಯಾಗಿ ಮೂಡಿರದ ಹುಡುಗ, ಎಲ್ಲದಕ್ಕೂ ನಗುವ ಸ್ವಭಾವ. ಚಾನೆಲ್ ಎಂಬ ಹೆಸರು ಇಟ್ಟವನೂ ಅವನೇ. ಅದಕ್ಕೆ ಮೊದಲ ಸಲ ನಕ್ಕವನು ಮಾತ್ರ ಕೇದಾರ್.

“ಅಲ್ಲಿಗೇ ಹೋಗ್ತಿದ್ದೀನಲ್ಲ ಇವತ್ತು.”

“ಲೈವ್ ಶೋ! ಮೇಡಂನ ಕೇಳ್ದೆ ಅಂತ ಹೇಳಿ.”

ಕೇದಾರ್ ಸ್ವೆಟರ್ ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದ. ಬಿಚ್ಚುವಾಗ ತಲೆಗೂದಲು ಚಟಚಟ ಎಂದಿತು. ಮೇಡಂ ಎಂದರೆ ನೀಲಾಂಬಿಕೆ, ಅರಕಲಗೂಡಿನ ಕೇಂದ್ರದಲ್ಲಿ ಕೂತು ಟೈಪು ಮಾಡುವವಳು. ಅವಳ ಮುಖವನ್ನು ಅವನು ಸರಿಯಾಗಿ ನೋಡಿದ್ದು ಒಂದೇ ಸಲ, ಆ ಕೇಂದ್ರ ಶುರುವಾದ ದಿನ, ಪೂಜೆಯ ಊದುಬತ್ತಿ ಹೊಗೆಯಲ್ಲಿ. ಆದರೆ ಅವಳ ಕೈಯನ್ನು ಅವನು ದಿನವೂ ನೋಡಿ ಬಲ್ಲ. ಕೈ ಎಂದರೆ ಕೈಯೂ ಅಲ್ಲ. ಪರದೆಯ ಮೇಲೆ ಓಡಾಡುವ ಸಣ್ಣ ಬಾಣದ ಗುರುತು, ಅದು ನಿಲ್ಲುವ ರೀತಿ, ಒಂದು ಗುಂಡಿಯ ಹತ್ತಿರ ಹೋಗಿ ಒತ್ತಲೋ ಬೇಡವೋ ಎಂದು ಸ್ವಲ್ಪ ನಡುಗುವ ರೀತಿ. ಬೇರೆಯವರ ಬಾಣಗಳು ನೇರ ಹೋಗಿ ನೇರ ಬರುತ್ತಿದ್ದವು. ಅವಳದು ಮಾತ್ರ ಹೊಸದಾಗಿ ಬಂದ ಮನೆಯ ಕತ್ತಲಲ್ಲಿ ಗೋಡೆ ತಡವುವವರ ಹಾಗೆ. ಇದನ್ನು ಅವನು ಒಮ್ಮೆ ವಿಶ್ವಾಸನಿಗೆ ಹೇಳಿದ್ದ. ಹೇಳಬಾರದಿತ್ತು.

ಬಸ್ಸು ಹಾಸನದ ನಿಲ್ದಾಣ ಬಿಟ್ಟ ಮೇಲೆ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಹಿಂದಿನ ಸಂಜೆ ಲ್ಯಾಬಿನ ಮಾಲೀಕರಾದ ಡಾಕ್ಟರ್ ಪಂಚಾಕ್ಷರಯ್ಯ ಅವನನ್ನು ಕರೆದು, “ಆ ಮುದುಕಿ ಮಗ ಪೇಪರ್‌ನವರ ಹತ್ತಿರ ಹೋಗ್ತೀನಿ ಅಂತ ಕುಣೀತಿದ್ದಾನೆ ಕಣಯ್ಯ. ನಾಳೆ ಅರಕಲಗೂಡಿಗೆ ಬರ್ತಾರೆ, ನಾನೂ ಬರ್ತೀನಿ. ನಿನ್ನ ಮಿಷಿನ್ ಹೇಗೆ ಕೆಲಸ ಮಾಡುತ್ತೆ ಅಂತ ಅವನಿಗೆ ಅರ್ಥ ಆಗೋ ಹಾಗೆ ಹೇಳು. ಹೇಳೋದ್ರಲ್ಲಿ ನೀನು ಜಾಣ” ಎಂದಿದ್ದರು. ಮುದುಕಿ ಎಂದರೆ ಮಲ್ಲಿಪಟ್ಟಣದ ಲಕ್ಕಮ್ಮ. ಸುಮ್ಮನೆ ಮೈಕೈ ನೋವೆಂದು ರಕ್ತ ಕೊಟ್ಟು ಹೋದವಳ ವರದಿಯಲ್ಲಿ ಸಕ್ಕರೆ ವಿಪರೀತ ಎಂದು ಬಂದಿತ್ತು. ವರದಿ ನೋಡಿದ ಯಾರೋ ವೈದ್ಯರು ಮಾತ್ರೆ ಬರೆದುಕೊಟ್ಟರು. ಇಲ್ಲದ ಸಕ್ಕರೆಯನ್ನು ಇಳಿಸುವ ಮಾತ್ರೆ ನುಂಗಿದ ಲಕ್ಕಮ್ಮ ಆಲೂಗೆಡ್ಡೆ ಸಾಲಿನ ನಡುವೆ ಪ್ರಜ್ಞೆ ತಪ್ಪಿ ಬಿದ್ದಿದ್ದಳು. ಹಾಸನಕ್ಕೆ ಸಾಗಿಸಿ, ಗ್ಲೂಕೋಸ್ ಏರಿಸಿ, ಮತ್ತೆ ರಕ್ತ ನೋಡಿದಾಗಲೇ ಗೊತ್ತಾದದ್ದು ಅವಳಿಗೆ ಸಕ್ಕರೆ ಕಾಯಿಲೆ ಇಲ್ಲವೇ ಇಲ್ಲ ಎಂದು. ಪಂಚಾಕ್ಷರಯ್ಯ ಲ್ಯಾಬಿನ ಹಳೆಯ ವರದಿ ತೆಗೆಸಿ ನೋಡಿದರು. ಅದೇ ದಿನ ರಕ್ತ ಕೊಟ್ಟ ಚಂದ್ರಯ್ಯ ಎಂಬುವನ ವರದಿಯಲ್ಲಿದ್ದ ಅಂಕಿಗಳೇ ಲಕ್ಕಮ್ಮನ ವರದಿಯಲ್ಲೂ ಇದ್ದವು, ಒಂದು ಚುಕ್ಕೆಯೂ ಬಿಡದಂತೆ. ಚಂದ್ರಯ್ಯನ ಅಂಕಿ ಅವಳ ಪೇಜಿಗೆ ಬಿದ್ದಿತ್ತು. ಅವತ್ತು ಪೇಜು ತುಂಬಿಸಿದವಳು ನೀಲಾಂಬಿಕೆ. ಯಂತ್ರ ಇಟ್ಟುಕೊಂಡ ಲೆಕ್ಕದಲ್ಲೂ ಅವಳ ಹೆಸರೇ ಇತ್ತು. ಕೇದಾರನ ಹೆಸರು ಎಲ್ಲೂ ಇರಲಿಲ್ಲ. ಇರುವುದಿಲ್ಲ ಎಂದು ಗೊತ್ತಿದ್ದರೂ ಅವನು ಹುಡುಕಿ ನೋಡಿದ್ದ, ಕಳೆದುಕೊಂಡವರು ಹುಡುಕುವಷ್ಟೇ ಆತುರದಿಂದ.

ಬಸ್ಸಿನ ಗಾಜಿಗೆ ಹಣೆ ಒತ್ತಿ ಕೂತ. ಗಾಜು ನಡುಗಿದಂತೆ ಹಣೆಯ ಮೂಳೆಯೂ ನಡುಗುತ್ತಿತ್ತು. ಲಕ್ಕಮ್ಮ ರಕ್ತ ಕೊಟ್ಟ ದಿನದ ಮಧ್ಯಾಹ್ನ ನೀಲಾಂಬಿಕೆಯೇ ಫೋನು ಮಾಡಿದ್ದಳು. “ಸಾರ್, ಇದು ಮತ್ತೆ ನಿಂತ್ಹೋಯ್ತು.” ಅವಳ ಮುಂದಿರುವ ಕಪ್ಪು ಡಬ್ಬಿಯಲ್ಲಿ ನಿಲ್ಲುವಂಥದ್ದು ಏನೂ ಇಲ್ಲ ಎಂದು ಅವನು ಎಷ್ಟೋ ಸಲ ಹೇಳಿದ್ದ. ಎರಡು ಸಾವಿರದ ಐದರಲ್ಲಿ ಈ ವ್ಯವಸ್ಥೆ ತರಿಸಿದಾಗ ಡಾಕ್ಟರಿಗೂ ಅದನ್ನೇ ಹೇಳಿ ಒಪ್ಪಿಸಿದ್ದ. ಊರೂರಿಗೆ ಕಂಪ್ಯೂಟರ್ ಬೇಡ ಸಾರ್, ಹಾಸನದಲ್ಲಿ ಒಂದೇ ದೊಡ್ಡದು ಸಾಕು. ಅದರೊಳಗೇ ಒಬ್ಬೊಬ್ಬರಿಗೂ ಒಂದೊಂದು ಮೇಜು ಇದ್ದ ಹಾಗೆ. ಅವರು ಅಲ್ಲಿ ಒತ್ತುತ್ತಾರೆ, ಕೆಲಸ ಇಲ್ಲಿ ಆಗುತ್ತದೆ, ಆದದ್ದರ ಚಿತ್ರ ಮಾತ್ರ ಅಲ್ಲಿಗೆ ಹೋಗುತ್ತದೆ. ಚಿತ್ರವೂ ಇಡಿಯಾಗಿ ಹೋಗುವುದಿಲ್ಲ. ಬದಲಾದ ತುಂಡು ಮಾತ್ರ, ಬದಲಾಗದ್ದು ಹಾಗೇ ನಿಂತಿರುತ್ತದೆ. ಹೇಳುತ್ತ ಹೇಳುತ್ತ ಅವನಿಗೇ ಅದು ಸುಂದರ ಅನ್ನಿಸಿತ್ತು. ಫೋನಿನ ತಂತಿಯಲ್ಲಿ ಕೈಯ ಒತ್ತು ಮೇಲಕ್ಕೆ ಹೋಗುವುದು, ಕಣ್ಣಿಗೆ ಬೇಕಾದಷ್ಟು ಮಾತ್ರ ಕೆಳಕ್ಕೆ ಬರುವುದು. ತಂತಿ ಸೋತ ದಿನ ಏನಾಗುತ್ತದೆ ಎಂಬುದನ್ನು ಮಾತ್ರ ಅವನು ಅಷ್ಟು ಸುಂದರವಾಗಿ ಹೇಳಿರಲಿಲ್ಲ. ಹೊಸ ತುಂಡು ಬಾರದಿದ್ದರೆ ಹಳೆಯ ಚಿತ್ರ ನಿಂತೇ ಇರುತ್ತದೆ, ಒಂದಿಷ್ಟೂ ಮಸುಕಾಗದೆ. ನೋಡುವವರಿಗೆ ಅದು ಈಗಿನದೋ, ಆಗಲೇ ಕಳೆದುಹೋದದ್ದೋ ತಿಳಿಯುವ ದಾರಿ ಇಲ್ಲ.

ಚಿಕ್ಕವನಿದ್ದಾಗ ಹೊಳೆನರಸೀಪುರದ ದೇವಸ್ಥಾನದಲ್ಲಿ ಅಪ್ಪ ಅಲಂಕಾರಕ್ಕೆ ತೆರೆ ಎಳೆದ ಮೇಲೂ ಅವನು ಒಳಗೇ ಇರುತ್ತಿದ್ದ. ಅರ್ಚಕರ ಮಗನಿಗೆ ಅಷ್ಟು ಸಲುಗೆ. ಒಂದು ದಿನ ಅಪ್ಪ, ಚನ್ನಕೇಶವಯ್ಯ, ಅರ್ಧ ಅಲಂಕಾರ ಮಾಡಿದವರು ಹಾಗೇ ಗೋಡೆಗೊರಗಿ ಕೂತುಬಿಟ್ಟರು. ಕೈಯಲ್ಲಿ ಹೂವಿನ ದಂಡೆ, ಬಾಯಿ ಸ್ವಲ್ಪ ತೆರೆದಿತ್ತು. ದೇವರ ಒಂದು ತೋಳಿಗೆ ಬಟ್ಟೆ ಇತ್ತು, ಇನ್ನೊಂದಕ್ಕೆ ಇರಲಿಲ್ಲ. ಅಪ್ಪನಿಗೆ ನಿದ್ದೆಯೋ ಸುಸ್ತೋ. ಹೊರಗೆ ಜನ ತೆರೆಗೇ ಕೈಮುಗಿದು ನಿಂತಿದ್ದರು, ಯಾರೋ ಹೆಂಗಸು ಸಣ್ಣ ದನಿಯಲ್ಲಿ ಹಾಡುತ್ತಿದ್ದಳು. ಬಟ್ಟೆಯ ಸಂದಿಯಲ್ಲಿ ಅವಳ ಮುಖ ಕಾಣುತ್ತಿತ್ತು. ಅವಳಿಗೆ ಇವನು ಕಾಣುತ್ತಿರಲಿಲ್ಲ. ಆಗ ಆದದ್ದು ಖುಷಿಯೋ ಹೇಸಿಗೆಯೋ ಅವನಿಗೆ ಇವತ್ತಿಗೂ ಗೊತ್ತಿಲ್ಲ. ಅಪ್ಪನನ್ನು ಎಬ್ಬಿಸದೆ ಆ ಮುಖವನ್ನೇ ನೋಡುತ್ತ ನಿಂತಿದ್ದ. ಕಂಡಕ್ಟರು ಬಂದು ಭುಜ ತಟ್ಟಿ, “ಅರಕಲಗೂಡಾ? ಚೇಂಜ್ ಕೊಡಿ ಸಾ, ಬೆಳ್ ಬೆಳಗ್ಗೆ ಎಲ್ರೂ ನೂರ್ರೂಪಾಯ್ ತಂದ್ಬುಡ್ತೀರಿ” ಎಂದ. ಕೇದಾರ್ ಜೇಬು ತಡಕಾಡಿದ.

ಬೇರೆಯವರ ಪರದೆಗೆ ಹೋಗುವ ಮೊದಲು ಯಂತ್ರ ಅವರನ್ನು ಕೇಳುತ್ತದೆ: ಇಂಥವರು ನಿಮ್ಮ ಪರದೆ ನೋಡಬೇಕಂತೆ, ಒಪ್ಪಿಗೆಯೇ? ಕೇದಾರ್ ಆ ಪ್ರಶ್ನೆಯನ್ನೇ ತೆಗೆಸಿಹಾಕಿದ್ದ. ಪ್ರತಿಸಲವೂ ಅವರು ಗಾಬರಿಯಾಗಿ ಫೋನು ಮಾಡುತ್ತಾರೆ, ಏನು ಒತ್ತಬೇಕು ಸಾರ್ ಎಂದು ಕೇಳುತ್ತಾರೆ, ಕೆಲಸ ಕೆಡುತ್ತದೆ. ಇದೇ ಕಾರಣ, ಕಾರಣ ಸುಳ್ಳೂ ಅಲ್ಲ. ಆಮೇಲೆ ಅವನು ಯಾರ ಪರದೆಗೆ ಬೇಕಾದರೂ ಸದ್ದಿಲ್ಲದೆ ಹೋಗಬಹುದಾಗಿತ್ತು. ಅಲ್ಲಿ ಅವರ ಕೈ, ಇವನ ಕೈ ಎರಡೂ ಒಂದೇ ಬಾಣವನ್ನು ಆಡಿಸುತ್ತಿದ್ದವು. ಮೊದಮೊದಲು ಅವರು ಕರೆದಾಗ ಮಾತ್ರ ಹೋಗುತ್ತಿದ್ದ. ಆಮೇಲೆ ಕರೆಯದಾಗಲೂ. ಗಿರಾಕಿಗಳಿಲ್ಲದ ಮಧ್ಯಾಹ್ನ ನೀಲಾಂಬಿಕೆ ಇಸ್ಪೀಟು ಆಡುತ್ತಿದ್ದಳು, ಕಂಪ್ಯೂಟರಿನಲ್ಲಿ ಒಬ್ಬರೇ ಆಡುವ ಆಟ. ಆಡಬಾರದೆಂದು ಡಾಕ್ಟರ ಕಟ್ಟಪ್ಪಣೆ. ಒಂದು ದಿನ ಅವಳಿಗೆ ಕಾಣದ ಕೆಂಪು ರಾಣಿ ಇವನಿಗೆ ಕಂಡಿತು. ತಡೆಯಲಾರದೆ ತಾನೇ ಎತ್ತಿ ಕಪ್ಪು ರಾಜನ ಮೇಲಿಟ್ಟ. ಬಾಣ ಅಲುಗಾಡದೆ ನಿಂತುಹೋಯಿತು. ಬಹಳ ಹೊತ್ತು ನಿಂತಿತ್ತು. ಆಟ ಮುಚ್ಚಿಕೊಂಡಿತು. ಅವಳು ಯಾರಿಗೂ ಹೇಳಲಿಲ್ಲ; ಹೇಳಿದರೆ ಆಡುತ್ತಿದ್ದುದನ್ನೂ ಹೇಳಬೇಕಾಗುತ್ತಿತ್ತು. ಅವತ್ತು ಕೇದಾರ್ ಒಬ್ಬನೇ ನಕ್ಕಿದ್ದ. ಬಸ್ಸಿನಲ್ಲಿ ಆ ನಗು ನೆನಪಾಗಿ ಮುಖ ಬಿಸಿಯಾಯಿತು, ಪಕ್ಕದವನು ನೋಡಿದನೇನೋ ಎಂದು ಮುಖ ತಿರುಗಿಸಿದ.

ಇದು ನಿಂತ್ಹೋಯ್ತು ಎಂದು ಅವಳು ಫೋನು ಮಾಡಿದ ದಿನವೂ ಅವನು ಅವಳ ಪರದೆಯಲ್ಲೇ ಇದ್ದ. ಹಾಸನದಲ್ಲಿ ಚಂದ್ರಯ್ಯನ ಪೇಜು ಖಾಲಿ ತೆರೆದಿತ್ತು. ಸರಿ ನೋಡ್ತೀನಿ ಎಂದು ಫೋನಿಟ್ಟು, ಪರದೆ ಓಡುತ್ತದೋ ಇಲ್ಲವೋ ನೋಡೋಣ ಎಂದು ನೆಕ್ಸ್ಟ್ ಎಂಬ ಗುಂಡಿ ಒತ್ತಿದ. ಮುಂದಿನ ಪೇಜು ಬಂತು. ಲಕ್ಕಮ್ಮ, ಮಲ್ಲಿಪಟ್ಟಣ. ಅಷ್ಟೇ ಅವನು ಮಾಡಿದ್ದು. ಆದರೆ ಅರಕಲಗೂಡಿನಲ್ಲಿ ಚಿತ್ರ ಬದಲಾಗಿರಲಿಲ್ಲ, ಅಲ್ಲಿ ಇನ್ನೂ ಚಂದ್ರಯ್ಯನೇ ಇದ್ದ. ಅವಳು ಚಂದ್ರಯ್ಯನ ಪರೀಕ್ಷೆಯ ಅಂಕಿಗಳಿದ್ದ ಚೀಟಿ ನೋಡಿಕೊಂಡು ಚಂದ್ರಯ್ಯನ ಚಿತ್ರದ ಮೇಲೆ ಅಂಕಿಗಳನ್ನು ಒತ್ತಿದಳು. ಅವು ತಂತಿ ಹಿಡಿದು ಹಾಸನಕ್ಕೆ ಬಂದು ಲಕ್ಕಮ್ಮನ ಪೇಜಿನ ಮೇಲೆ ಬಿದ್ದವು. ಒಂದೊಂದೇ ಅಂಕಿ ತಾನಾಗಿ ಮೂಡುವುದನ್ನು ಕೇದಾರ್ ನೋಡಿದ. ಓ, ತಂತಿ ಸರಿಹೋಯಿತು, ಕೆಲಸ ಶುರುಮಾಡಿದಳು ಎಂದುಕೊಂಡು ಹೊರಬಂದು ಚಹಾ ಕುಡಿಯಲು ಹೋದ. ಅವಳ ಪರದೆಗೆ ಜೀವ ಬಂದಾಗ ಎದುರಿಗಿದ್ದದ್ದು ಆಗಲೇ ತುಂಬಿಹೋದ ಲಕ್ಕಮ್ಮನ ಪೇಜು. ತುಂಬಿದ ಪೇಜನ್ನು ಮುಟ್ಟಬೇಡಿ, ಅದು ಹಾಸನದಲ್ಲೇ ತುಂಬಿದ್ದು ಎಂಬುದು ಎಲ್ಲ ಕೇಂದ್ರಗಳಿಗೂ ಕೊಟ್ಟ ನಿಯಮ. ಅರ್ಜೆಂಟಾದವನ್ನು ಹಾಸನದಿಂದಲೇ ತುಂಬುವ ರೂಢಿ ಇತ್ತು. ಅವಳು ಲಕ್ಕಮ್ಮನ ಚೀಟಿ ಪಕ್ಕಕ್ಕಿಟ್ಟು ಮುಂದೆ ಹೋದಳು. ಸಂಜೆ ಚಂದ್ರಯ್ಯನ ಪೇಜು ಖಾಲಿ ಉಳಿದದ್ದು ಕಂಡು ಮತ್ತೆ ತುಂಬಿದಳು. ನಿಯಮ ಮಾಡಿದವನೂ ಕೇದಾರನೇ.

ಅರಕಲಗೂಡಿನ ಕೇಂದ್ರ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಗೊಬ್ಬರದ ಅಂಗಡಿಯೊಂದರ ಮಹಡಿಯ ಮೇಲಿತ್ತು. ಮೆಟ್ಟಿಲ ಮೇಲೆಲ್ಲ ಯೂರಿಯಾದ ವಾಸನೆ. ಒಳಗೆ ಎಲ್ಲರೂ ಆಗಲೇ ಬಂದಿದ್ದರು. ಡಾಕ್ಟರು ಇದ್ದ ಒಂದೇ ಒಳ್ಳೆ ಕುರ್ಚಿಯಲ್ಲಿ. ಬೆಂಚಿನ ಮೇಲೆ ಕಾಲು ಇಳಿಬಿಟ್ಟು ಲಕ್ಕಮ್ಮ, ಅವನು ಊಹಿಸಿದ್ದಕ್ಕಿಂತ ಚಿಕ್ಕ ಹೆಂಗಸು, ಎಲೆಯಡಿಕೆ ಚೀಲವನ್ನು ಮಡಿಲಲ್ಲಿ ಹಿಡಿದುಕೊಂಡಿದ್ದಳು. ಪಕ್ಕದಲ್ಲಿ ನಿಂತೇ ಇದ್ದವನು ಮಗ ಶಶಿಕುಮಾರ್. ನೀಲಾಂಬಿಕೆ ತನ್ನ ಮೇಜಿನ ಹಿಂದೆ, ಕೈಗಳನ್ನು ಕೀಲಿಮಣೆಯಿಂದ ದೂರ ಇಟ್ಟುಕೊಂಡು ಕೂತಿದ್ದಳು. ಕೇದಾರ್ ಆ ಕೈಗಳನ್ನು ನೋಡಿದ. ಬೆರಳು ಗಿಡ್ಡ, ಒಂದು ಉಗುರು ಕಪ್ಪಾಗಿತ್ತು. ಇಷ್ಟು ದಿನ ತಾನು ನೋಡುತ್ತಿದ್ದದ್ದು ಇವುಗಳನ್ನೇ ಎಂದು ನಂಬಲು ಅವನಿಗೆ ಆಗಲಿಲ್ಲ.

“ಬನ್ನಿ ಸಾರ್” ಎಂದಳು ಅವಳು ಎದ್ದು ನಿಂತು. ಅವನು ಬಂದದ್ದು ಅವಳಿಗೆ ಧೈರ್ಯ ಕೊಟ್ಟಿತ್ತು. ಅದು ಅವಳ ಮುಖದಲ್ಲಿ ಕಾಣುತ್ತಿತ್ತು.

“ಸಾ, ನಂಗೆ ಕಂಪ್ಯೂಟ್ರು ಗಿಂಪ್ಯೂಟ್ರು ಗೊತ್ತಿಲ್ಲ” ಎಂದ ಶಶಿಕುಮಾರ್. “ನಮ್ಮವ್ವ ಆಲೂಗೆಡ್ಡೆ ಸಾಲಲ್ಲಿ ಕಣ್ ಮೇಲಾಕ್ಕಂಡು ಬಿದ್ದಿದ್ಲು. ನಾನು ನೀರ್ ಕಟ್ಟಕ್ಕೆ ಅತ್ಲಾಗೆ ಓಗದಿದ್ರೆ ಎಣಾನೇ ಎತ್ಬೇಕಿತ್ತು. ಯಾರ್ ಮಾಡಿದ್ದು ಅದ್ನ ಏಳ್ಬುಡಿ. ಅವ್ರನ್ನ ಕೆಲ್ಸದಿಂದ ತಗುದ್ರೆ ನಾನು ಸುಮ್ಕಾಗ್ತೀನಿ.”

“ಕೂತ್ಕಳ್ಳಾ ಮೊದ್ಲು” ಎಂದಳು ಲಕ್ಕಮ್ಮ. “ನಿಂತ್ಕಂಡ್ ಕೂಗಿದ್ರೆ ನನ್ ತಲೆ ತಿರುಗ್ತದೆ.”

“ನಿನ್ ತಲೆ ತಿರುಗಿದ್ಕೇ ಕಣವ್ವ ನಾವು ಬಂದಿರದು.”

ಡಾಕ್ಟರು ಕೇದಾರನ ಕಡೆ ಕೈ ತೋರಿಸಿದರು. “ನಮ್ಮ ಇಂಜಿನಿಯರು. ಹೇಳಯ್ಯ.”

ಅವನು ಹೇಳಿದ. ಆಶ್ಚರ್ಯವೆಂದರೆ ಚೆನ್ನಾಗಿ ಹೇಳಿದ. “ಈ ಡಬ್ಬಿಯೊಳಗೆ ಏನೂ ಇಲ್ಲ. ಕಂಪ್ಯೂಟರ್ ಇರೋದು ಹಾಸನದಲ್ಲಿ. ಇವರು ಇಲ್ಲಿ ಒತ್ತಿದ್ದು ಫೋನಿನ ತಂತೀಲಿ ಹಾಸನಕ್ಕೆ ಹೋಗುತ್ತೆ, ಅಲ್ಲಿ ಪೇಜಿನ ಮೇಲೆ ಬೀಳುತ್ತೆ. ಆಮೇಲೆ ಆ ಪೇಜು ಹೇಗೆ ಕಾಣುತ್ತೋ ಅದರ ಚಿತ್ರ ವಾಪಸ್ ಇಲ್ಲಿಗೆ ಬರುತ್ತೆ. ಇಲ್ಲಿ ಕಾಣೋದು ಚಿತ್ರ ಅಷ್ಟೇ.”

“ಟೀವಿ ತರ ಅನ್ನಿ.”

“ಟೀವಿ ತರಾನೇ. ಆದ್ರೆ ಇದರಲ್ಲಿ ನೋಡೋರೂ ಕೈ ಹಾಕಬಹುದು.”

ಶಶಿಕುಮಾರ್ ತಲೆಯಾಡಿಸಿದ. ಅವನಿಗೆ ಅರ್ಥವಾಗುತ್ತಿತ್ತು, ಅರ್ಥವಾಗುವುದರ ಖುಷಿಯಲ್ಲಿ ಸಿಟ್ಟು ಸ್ವಲ್ಪ ಇಳಿದಿತ್ತು. ಕೇದಾರನಿಗೂ ಅರ್ಥ ಮಾಡಿಸುವುದರ ಹಳೆಯ ಸುಖ ಮೈಗೆ ಹತ್ತತೊಡಗಿತು, ಜ್ವರ ಬಿಡುವಾಗಿನ ಬೆವರಿನಂತೆ. ತಂತಿ ನಿಧಾನವಾದರೆ ಏನಾಗುತ್ತದೆ ಎಂದು ಹೇಳಿದ. ಹಾಸನದಲ್ಲಿ ಪೇಜು ಮುಂದಕ್ಕೆ ಹೋಗಿದ್ದರೂ ಇಲ್ಲಿ ಹಳೆಯ ಪೇಜೇ ಕಾಣುತ್ತಿರುತ್ತದೆ ಎಂದ. ಎಲ್ಲವೂ ನಿಜ. ಒಂದು ಮಾತೂ ಸುಳ್ಳಿರಲಿಲ್ಲ. ತಾನು ನಿಜದ ಮೇಲೆ ನಿಜ ಪೇರಿಸುತ್ತ ಗೋಡೆ ಕಟ್ಟುತ್ತಿದ್ದೇನೆ, ಗೋಡೆಯ ಆಚೆ ಆ ಹೆಂಗಸು ಉಳಿಯುತ್ತಿದ್ದಾಳೆ ಎಂದು ಅವನಿಗೆ ಗೊತ್ತಿತ್ತು.

“ಅಂದ್ರೆ ಈಕೆ ನೆಕ್ಸ್ಟ್ ಒತ್ತಿ, ಚಿತ್ರ ಬದಲಾಗೋದಕ್ಕೆ ಕಾಯದೆ ಟೈಪ್ ಮಾಡಿದ್ದಾಳೆ” ಎಂದರು ಡಾಕ್ಟರು.

“ನಾನು ನೆಕ್ಸ್ಟ್ ಒತ್ತಲಿಲ್ಲ ಸಾರ್” ಎಂದಳು ನೀಲಾಂಬಿಕೆ. “ನಿಜವಾಗ್ಲೂ ಒತ್ತಲಿಲ್ಲ. ಚಂದ್ರಯ್ಯನೋರ ಚೀಟಿ ಕೈಲಿತ್ತು, ಅವರ ಪೇಜೇ ಮುಂದಿತ್ತು. ಯಾಕೆ ಒತ್ತಲಿ? ಆಮೇಲೆ ನೋಡಿದ್ರೆ ಪೇಜು ತಾನೇ ಮುಂದಕ್ಕೆ ಹೋಗಿತ್ತು.”

“ತಾನೇ ಹೋಗುತ್ತೇನಮ್ಮ ಪೇಜು? ಕಾಲಿದೆಯಾ ಅದಕ್ಕೆ?” ಡಾಕ್ಟರು ಕೇದಾರನ ಕಡೆ ತಿರುಗಿದರು. “ತಾನೇ ಹೋಗುತ್ತೇನಯ್ಯ?”

ಕೆಳಗೆ ಯಾರೋ ಗೊಬ್ಬರದ ಚೀಲ ನೆಲಕ್ಕೆ ಹಾಕಿದ ಸದ್ದು. ಕೇದಾರ್ ಪರದೆಯ ಮೇಲಿನ ಬಾಣವನ್ನು ನೋಡಿದ. ಅದು ಯಾರ ಕೈಯೂ ಇಲ್ಲದೆ ಮಧ್ಯದಲ್ಲಿ ನಿಂತಿತ್ತು.

“ತಾನೇ ಹೋಗಲ್ಲ ಸಾರ್” ಎಂದ.

ಇದೂ ನಿಜ. ನೀಲಾಂಬಿಕೆ ಅವನ ಮುಖ ನೋಡಿದಳು. ಸಿಟ್ಟಿರಲಿಲ್ಲ ಆ ನೋಟದಲ್ಲಿ. ತನ್ನ ನೆನಪೇ ತನಗೆ ಮೋಸ ಮಾಡಿತೇನೋ ಎಂದು ಹಿಂದಕ್ಕೆ ಹೋಗಿ ಹುಡುಕುವಂತಿತ್ತು. “ಇರಬಹುದು” ಎಂದಳು ಕೊನೆಗೆ, ಸಣ್ಣ ದನಿಯಲ್ಲಿ. “ಒತ್ತಿರಬಹುದು. ಕೈ ತಗುಲಿರಬಹುದು ಸಾರ್. ನನಗೆ ನೆನಪಿಲ್ಲ.”

“ನೋಡಪ್ಪ, ಒಪ್ಕೊಂಡ್ಳು” ಎಂದರು ಡಾಕ್ಟರು ಶಶಿಕುಮಾರನಿಗೆ. “ನೀಲಾಂಬಿಕೆ, ನಾಳೆಯಿಂದ ನೀನು ಬರೋದು ಬೇಡಮ್ಮ.”

ಅವಳು ಕೂತ ಜಾಗದಲ್ಲೇ ಮೇಜಿನ ಡ್ರಾಯರು ಎಳೆದಳು. ಒಂದು ಬಾಚಣಿಗೆ, ಒಂದು ಸ್ಟೀಲಿನ ಚಮಚ, ನೋವಿನ ಮುಲಾಮಿನ ಸಣ್ಣ ಡಬ್ಬಿ ತೆಗೆದು ಚೀಲಕ್ಕೆ ಹಾಕಿಕೊಂಡಳು. ಚಮಚ ಚೀಲದೊಳಗೆ ಊಟದ ಡಬ್ಬಿಗೆ ತಗುಲಿ ಟಣ್ ಎಂದಿತು. ಶಶಿಕುಮಾರ್ ಗೆದ್ದವನಾಗಿದ್ದರೂ ಎಲ್ಲಿ ನೋಡಬೇಕೋ ತಿಳಿಯದೆ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ.

“ಪಾಪ, ಆ ಮಗಾ ಏನ್ ಬೇಕೂಂತ ಮಾಡದಾ” ಎಂದಳು ಲಕ್ಕಮ್ಮ ಯಾರಿಗೆಂದಿಲ್ಲದೆ. “ನಾನು ಬದುಕಿವ್ನಲ್ಲ.”

“ನೀ ಸುಮ್ಕಿರವ್ವ.”

ಆಮೇಲೆ ಕೇದಾರ್ ಮಾಡಿದ್ದಕ್ಕೆ ಧೈರ್ಯ ಎಂಬ ಹೆಸರು ಅವನೇ ಕೊಡಲಾರ. ಅವನಿಗೆ ಸುಸ್ತಾಗಿತ್ತು. ಆ ಚಮಚದ ಸದ್ದನ್ನು ಇಟ್ಟುಕೊಂಡು ವಾಪಸ್ಸು ಬಸ್ಸಿನಲ್ಲಿ ಕೂರುವುದು, ನಾಳೆ ಮತ್ತೆ ಸ್ವೆಟರ್ ಹಾಕಿಕೊಂಡು ಇನ್ಯಾರದೋ ಬಾಣ ನೋಡುವುದು, ಇದೆಲ್ಲ ಒಂದು ದೊಡ್ಡ ಮೂಟೆಯಂತೆ ಕಂಡಿತು. ಹೊರುವುದಕ್ಕಿಂತ ಇಳಿಸುವುದು ಸುಲಭ ಅನ್ನಿಸಿತು, ಅಷ್ಟೇ. “ಒಂದ್ನಿಮಿಷ ಸಾರ್” ಎಂದು ಮೇಜಿನ ಫೋನು ತೆಗೆದು ಹಾಸನಕ್ಕೆ ಮಾಡಿದ. “ವಿಶ್ವಾಸ್, ಅರಕಲಗೂಡು ತೆಗಿ. ಒಳಗೆ ಹೋಗು. ಹೋಗಿ ನೆಕ್ಸ್ಟ್ ಒತ್ತು.” ಇಷ್ಟೇ ಹೇಳಿ ಫೋನಿಟ್ಟ. “ಯಾರೂ ಏನೂ ಮುಟ್ಟಬೇಡಿ” ಎಂದ. ನೀಲಾಂಬಿಕೆ ಕೈಗಳನ್ನು ಮಡಿಲಿಗೆ ಎಳೆದುಕೊಂಡಳು.

ಎಲ್ಲರೂ ಪರದೆ ನೋಡಿದರು. ಮೊದಲು ಏನೂ ಆಗಲಿಲ್ಲ. ಆಮೇಲೆ ಮಧ್ಯದಲ್ಲಿ ನಿಂತಿದ್ದ ಬಾಣ ಒಂದಿಷ್ಟು ಅಲುಗಿತು, ಸರಸರನೆ ಕೆಳಗಿನ ಮೂಲೆಗೆ ಹೋಯಿತು. ಪೇಜು ಬದಲಾಯಿತು. ಮತ್ತೆ ಬದಲಾಯಿತು. ಮೇಜಿನ ಮೇಲಿನ ಮೌಸು ತಾನಿದ್ದಲ್ಲೇ ಸತ್ತ ಇಲಿಯಂತೆ ಬಿದ್ದಿತ್ತು.

“ಅಯ್ಯೋ ಸಿವ್ನೆ!” ಲಕ್ಕಮ್ಮ ಬೆಂಚಿನಿಂದ ಇಳಿದು ಹತ್ತಿರ ಬಂದಳು. “ಯಾರ್ಲಾ ಇರದು ಅದ್ರೊಳ್ಗೆ?”

“ಹಾಸನದಲ್ಲಿ ನಮ್ಮ ಹುಡುಗ ಅಮ್ಮ. ನಾವು ಇವರ ಪರದೆಯೊಳಕ್ಕೆ ಹೀಗೆ ಬರಬಹುದು. ಬಂದಿದ್ದು ಇವರಿಗೆ ಗೊತ್ತಾಗಲ್ಲ.” ಅವನು ಡಾಕ್ಟರ ಕಡೆ ನೋಡದೆ ಹೇಳಿದ. “ಅವತ್ತು ಒಳಗಿದ್ದವನು ನಾನು. ನೆಕ್ಸ್ಟ್ ಒತ್ತಿದ್ದು ನಾನು. ಇಲ್ಲಿ ಚಿತ್ರ ಬದಲಾಗಿರಲಿಲ್ಲ. ಇವರಿಗೆ ಚಂದ್ರಯ್ಯನ ಪೇಜೇ ಕಾಣ್ತಿತ್ತು, ಅದರ ಮೇಲೇ ಬರೆದ್ರು. ಬಿದ್ದದ್ದು ನಿಮ್ಮ ಪೇಜಿನ ಮೇಲೆ.”

ಲಕ್ಕಮ್ಮ ಅವನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. “ಅಂಗಾರೆ ನನ್ ಮೈಗೆ ಸಕ್ಕರೆ ಆಕಿದ್ದು ಈ ಅಪ್ಪನಾ? ನೋಡಕ್ಕೆ ಉಪ್ಪೂ ಇಲ್ದಂಗವ್ನೆ!”

ಶಶಿಕುಮಾರನಿಗೆ ನಗು ತಡೆಯಲಾಗಲಿಲ್ಲ. ಅವನು ನಕ್ಕ ಮೇಲೆ ಪೇಪರಿನವರು, ಕೆಲಸದಿಂದ ತೆಗೆಯುವುದು ಎಲ್ಲ ಒಮ್ಮೆಗೇ ಚಿಕ್ಕದಾಗಿಹೋಯಿತು. “ಒಪ್ಕಂಡ್ರಲ್ಲ ಸಾ, ಬುಡಿ. ಮೊದ್ಲೇ ಏಳಿದ್ರೆ ಇಷ್ಟ್ ದೂರ ಬತ್ತಿದ್ದಿಲ್ಲ” ಎಂದ. ಡಾಕ್ಟರು ಕನ್ನಡಕ ತೆಗೆದು ಒರೆಸುತ್ತ, “ನೀನು ಹಾಸನಕ್ಕೆ ಬಾ, ಮಾತಾಡೋಣ” ಎಂದರು ಕೇದಾರನಿಗೆ. ನಂತರ, “ನೀಲಾಂಬಿಕೆ, ಆ ಚೀಲ ಕೆಳಗಿಡಮ್ಮ. ನಾಳೆ ಬಾ” ಎಂದರು.

ನೀಲಾಂಬಿಕೆ ಕೆಳಗಿಡಲಿಲ್ಲ, ಎತ್ತಿಕೊಳ್ಳಲೂ ಇಲ್ಲ. ಆದರೆ ಅವಳ ಮುಖದ ಮೇಲೆ ಏನೋ ಸಡಿಲವಾಯಿತು. ತನಗೆ ಹುಚ್ಚು ಹಿಡಿದಿಲ್ಲ, ಒತ್ತಲಿಲ್ಲ ಎಂದದ್ದು ನಿಜವೇ ಎಂದು ತಿಳಿದವರ ಮುಖ ಅದು. ಕೇದಾರನಿಗೆ ತನ್ನ ಕೆಲಸ ಹೋಗಬಹುದು ಎಂಬುದು ಆ ಗಳಿಗೆಯಲ್ಲಿ ಮುಖ್ಯ ಅನ್ನಿಸಲಿಲ್ಲ. ಹೊರಗೆ ಹೋಗಿ ಒಂದು ಲೋಟ ಚಹಾ ಕುಡಿದು, ಎಲ್ಲಾದರೂ ಗೋಡೆಗೆ ಒರಗಿ ಕಣ್ಣು ಮುಚ್ಚಬೇಕು ಅನ್ನಿಸಿತು. ಅವಳು ಏನೋ ಹೇಳಲು ಬಾಯಿ ತೆರೆದಳು. ಥ್ಯಾಂಕ್ಸ್ ಎನ್ನುತ್ತಾಳೇನೋ ಎಂದು ಅವನಿಗೆ ನಾಚಿಕೆಯಾಗತೊಡಗಿತು.

“ಏನೋ ಬರೀತಾವ್ನೆ ನೋಡಿ” ಎಂದ ಶಶಿಕುಮಾರ್.

ಬಾಣ ಪೇಜನ್ನು ಬಿಟ್ಟು ಒಂದು ಬಿಳಿಯ ಹಾಳೆ ತೆರೆದಿತ್ತು. ಅದರ ಮೇಲೆ ಇಂಗ್ಲಿಷ್ ಲಿಪಿಯ ಅಕ್ಷರಗಳು ಒಂದೊಂದಾಗಿ ಮೂಡುತ್ತಿದ್ದವು. ವಿಶ್ವಾಸನಿಗೆ ಇಲ್ಲಿ ನಡೆದದ್ದು ಹೇಗೆ ಗೊತ್ತಾಗಬೇಕು? ಅವನು ಅಲ್ಲಿ ತಣ್ಣನೆಯ ಕೋಣೆಯಲ್ಲಿ ಒಬ್ಬನೇ ಕೂತು ನಗುತ್ತಿರಬೇಕು. ಕೇದಾರ್ ಫೋನಿನ ಕಡೆ ಕೈ ಚಾಚಿದ, ಆದರೆ ಶಶಿಕುಮಾರ್ ಆಗಲೇ ಬಗ್ಗಿ, ಕಾಗುಣಿತ ಕಲಿಯುವವನಂತೆ ಬಿಡಿಸಿ ಬಿಡಿಸಿ ಗಟ್ಟಿಯಾಗಿ ಓದತೊಡಗಿದ್ದ.

“ಸಾಕಾ... ಗುರೂ. ನಿಮ್ಮ... ಮೇಡಂ... ಇವತ್ತು... ಕೈನೇ... ಆಡಿಸ್ತಿಲ್ಲ. ದಿನಾ... ನೋಡೋರಿಗೆ... ಬೇಜಾರು.” ಓದಿ ಮುಗಿಸಿದ ಮೇಲೆ ಅವನು ಕೇದಾರನ ಮುಖ ನೋಡಿದ. ನೀಲಾಂಬಿಕೆಯ ಮುಖ ನೋಡಿದ. “ಓ” ಎಂದ.

ಡಾಕ್ಟರು ಕನ್ನಡಕ ಹಾಕಿಕೊಂಡರು. ಲಕ್ಕಮ್ಮ, “ಏನ್ಲಾ ಅದು, ಏನಂತೆ?” ಎಂದು ಮಗನ ತೋಳು ಎಳೆದಳು.

ನೀಲಾಂಬಿಕೆ ಆ ಸಾಲನ್ನು ತಾನೂ ಓದಿದಳು. ಓದುವಾಗ ತುಟಿ ಅಲುಗಿತು. ದಿನಾ ಎಂಬಲ್ಲಿ ಕಣ್ಣು ಒಂದು ಕ್ಷಣ ನಿಂತದ್ದನ್ನು ಕೇದಾರ್ ಕಂಡ. ಅಲ್ಲಿಂದ ಅವಳು ಹಿಂದಕ್ಕೆ ಹೋಗುತ್ತಿದ್ದಾಳೆ, ಒಂದೊಂದೇ ಮಧ್ಯಾಹ್ನವನ್ನು ಎತ್ತಿ ನೋಡುತ್ತಿದ್ದಾಳೆ ಎಂದು ಅವನಿಗೆ ಗೊತ್ತಾಯಿತು. ಅವಳು ಕುರ್ಚಿಯಿಂದ ಎದ್ದಳು. ಭುಜಕ್ಕೆ ಪಿನ್ನು ಹಾಕಿದ್ದ ಸೆರಗನ್ನು ಬಿಚ್ಚಿ, ಎರಡೂ ಭುಜ ಮುಚ್ಚುವಂತೆ ಎಳೆದು ಹೊದ್ದು, ಗದ್ದದ ಕೆಳಗೆ ಬಿಗಿಯಾಗಿ ಹಿಡಿದುಕೊಂಡಳು. ಆಮೇಲೆ ಪರದೆಯ ಎದುರಿನಿಂದ ಸರಿದು, ಅದರ ಹಿಂದಕ್ಕೆ, ತಂತಿಗಳು ಜೋತುಬಿದ್ದ ಗೋಡೆಯ ಮೂಲೆಗೆ ಹೋಗಿ ನಿಂತಳು.

ಪರದೆಗೆ ಕಣ್ಣಿಲ್ಲ, ಅದರ ಎದುರು ಕೂತವರ ಮುಖವಾಗಲಿ ಮೈಯಾಗಲಿ ಹಾಸನದಲ್ಲಿ ಯಾರಿಗೂ ಕಾಣುವುದಿಲ್ಲ, ಅಲ್ಲಿಗೆ ಹೋಗುವುದು ಕೈಯ ಒತ್ತು ಮಾತ್ರ ಎಂದು ಕೇದಾರ್ ಹೇಳಬಹುದಿತ್ತು. ಅದು ನಿಜವೂ ಆಗಿತ್ತು. ಅವನು ಹೇಳಲಿಲ್ಲ.